ಮೊಣಕಾಲು ನೋವೇ? ಓಣಿಯವರೆಲ್ಲ ಕೂಡಿ ಬನ್ನಿ!

“ಕೂತ್ರ ಏಳಾಕ ಆಗವಲ್ದು, ಎದ್ರ ಕೂಡಾಕ ಆಗವಲ್ದು!” ಈ ಮಾತು ನಿಮ್ಮ ಮನೆಯಲ್ಲೂ ಕೇಳಿದ್ದೀರಲ್ಲವೇ? ನಮ್ಮ ಸಂಗೊಳ್ಳಿಯಲ್ಲಿ ಹತ್ತಿ ಬಿಡಿಸಿ, ಕಳೆ ತೆಗೆದು, ನೀರು ಹೊತ್ತು ಐವತ್ತು ದಾಟಿದ ಹೆಂಗಸರಿಗೆ ಇದು ದಿನದ ಗೋಳು. ಜನವರಿ 12ರ ರಾಯಣ್ಣನ ಉತ್ಸವವನ್ನು ಒಂದು ವರ್ಷವೂ ತಪ್ಪಿಸದ ನಮ್ಮತ್ತೆಯವರು ಹೋದ ಸಲ ಹೊಸ್ತಿಲ ಮೇಲೆ ಕುಳಿತೇ ಡೊಳ್ಳಿನ ಸದ್ದು ಕೇಳಿದರು. “ನಡದ್ರ ಇನ್ನಷ್ಟು ಸವೀತಾವ” ಎಂಬ ಹೆದರಿಕೆ. ನಾನೂ ಅದನ್ನೇ ನಂಬಿ, ಕೂತಲ್ಲಿಗೇ ತಾಟು ಕೊಟ್ಟೆ. ಅದೇ ತಪ್ಪಾಯಿತು.

ಮೊಣಕಾಲಿನ ಎಲುಬುಗಳ ತುದಿಗೆ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಅದರಲ್ಲಿ ರಕ್ತನಾಳಗಳಿಲ್ಲ, ಕಾಲು ಆಡಿದಾಗಲೇ ಕೀಲಿನ ದ್ರವದಿಂದ ಅದಕ್ಕೆ ಪೋಷಣೆ. ಸುಮ್ಮನೆ ಕೂತರೆ ತೊಡೆಯ ಸ್ನಾಯು ಸೊರಗಿ, ಭಾರವೆಲ್ಲ ಕೀಲಿನ ಮೇಲೇ ಬೀಳುತ್ತದೆ. ವ್ಯಾಯಾಮದಿಂದ ಸವೆದದ್ದು ಮತ್ತೆ ಬೆಳೆಯದು, ನಿಜ. ಆದರೆ ನೋವು ಇಳಿಯುತ್ತದೆ, ನಡಿಗೆ ಸುಧಾರಿಸುತ್ತದೆ.

ಡೆನ್ಮಾರ್ಕಿನಲ್ಲಿ ಇಂಥವರನ್ನು ಗುಂಪುಗೂಡಿಸಿ ವಾರಕ್ಕೆ 2 ಸಲ, 6 ವಾರ ವ್ಯಾಯಾಮ ಮಾಡಿಸುವ ಕ್ರಮ 2013ರಲ್ಲಿ ಶುರುವಾಗಿ, ಈಗ ಹಲವು ದೇಶಗಳಿಗೆ ಹಬ್ಬಿದೆ. ನಮಗೇನು ಕಡಿಮೆ? 2000-01ರಿಂದ ನಮ್ಮಲ್ಲಿ ಸ್ತ್ರೀಶಕ್ತಿ ಸಂಘಗಳಿವೆ. ಉಳಿತಾಯದ ಲೆಕ್ಕಕ್ಕೆ ಕೂಡುವ ದಿನ ಅರ್ಧ ತಾಸು ಇದಕ್ಕಿಡಿ. ನಡುವೆ ಇನ್ನೊಂದು ದಿನ ಸೇರಿ. ಒಬ್ಬಳೇ ಆದರೆ ನಾಲ್ಕನೇ ದಿನ ಬಿಟ್ಟೇಬಿಡುತ್ತೇವೆ. ಹತ್ತು ಜನರಿದ್ದರೆ, “ಯಾಕವ್ವಾ, ನಿನ್ನೆ ಬರಲಿಲ್ಲ?” ಎಂದು ಕೇಳುವವರಿರುತ್ತಾರೆ.

ಮಾಡುವುದು ಹೀಗೆ:

1. ಕುರ್ಚಿ ಅಥವಾ ಎತ್ತರದ ಕಟ್ಟೆಯ ಮೇಲೆ ಕುಳಿತು, ಒಂದು ಕಾಲು ನೇರ ಚಾಚಿ, 5 ಎಣಿಸಿ ಇಳಿಸಿ. ಪ್ರತಿ ಕಾಲಿಗೆ 10 ಸಲ.
2. ಅಲ್ಲಿಂದಲೇ ಮೆಲ್ಲಗೆ ಎದ್ದು, ಮೆಲ್ಲಗೆ ಕೂಡಿರಿ. 5 ಸಲದಿಂದ ಶುರುಮಾಡಿ 10ಕ್ಕೆ ಏರಿಸಿ.
3. ಗೋಡೆ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸಿ. 10 ಸಲ.
4. ಕೊನೆಗೆ ಸಮನೆಲದ ಮೇಲೆ 10 ನಿಮಿಷ ನಡಿಗೆ.

ಮಾಡುವಾಗ ತುಸು ನೋವಾದರೆ ಹೆದರಬೇಡಿ. ಮರುದಿನವೂ ನೋವು ಹೆಚ್ಚೇ ಇದ್ದರೆ ಎಣಿಕೆ ಕಡಿಮೆ ಮಾಡಿ. ಮೊಣಕಾಲು ಕೆಂಪಾಗಿ, ಬಿಸಿಯಾಗಿ ಊದಿದರೆ, ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಬಾರದಿದ್ದರೆ ವ್ಯಾಯಾಮ ಬಿಟ್ಟು ಮೊದಲು ವೈದ್ಯರಿಗೆ ತೋರಿಸಿ. ಮೈ ದಪ್ಪವಿದ್ದವರು ತೂಕವನ್ನೂ ಇಳಿಸಬೇಕು: 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಭಾರ ಸುಮಾರು 4 ಕಿಲೋ ಕಡಿಮೆ!

ನಾವು ಶುರುಮಾಡಿ ಮೂರು ತಿಂಗಳಾಯಿತು. ಅತ್ತೆಯವರ ನೋವು ಪೂರ್ತಿ ಹೋಗಿಲ್ಲ. ಆದರೆ ತಾವೇ ಎದ್ದು ಗುಡಿಕಟ್ಟೆಗೆ ಬರುತ್ತಾರೆ. ತಡವಾದರೆ ನನ್ನನ್ನೇ ಗದರುತ್ತಾರೆ. “ಈ ಸಲ ಡೊಳ್ಳು ಹತ್ರ ನಿಂತ ಕೇಳಾಕಿ ನಾ” ಅಂತಾರೆ. ನೀವೂ ನಿಮ್ಮ ಓಣಿಯವರನ್ನು ಕರೆಯಿರಿ, ಏನಂತೀರಿ?