ನೆನಪು ಮತ್ತು ಚಿಕಿತ್ಸೆ: ಇ.ಸಿ.ಟಿ.ಯ ಅಡ್ಡಪರಿಣಾಮ ಕಡಿಮೆ ಮಾಡುವ ಬಗೆ

ಪೆರ್ಲದಿಂದ ಮಾತಾಡ್ತಿದ್ದೇನೆ. ಸಾಹಿತ್ಯದ ವಿದ್ಯಾರ್ಥಿನಿಗೆ ಈ ವಿಷಯ ಯಾಕೆ ಅಂತ ಕೇಳಬಹುದು. ನನ್ನ ದೊಡ್ಡಮ್ಮನಿಗೆ ತೀವ್ರ ಖಿನ್ನತೆ ಇತ್ತು, ಊಟ ಬಿಟ್ಟಿದ್ದರು. ಇ.ಸಿ.ಟಿ.ಯಿಂದ ಗುಣ ಆಯ್ತು. ಆದರೆ ಚಿಕಿತ್ಸೆಗೆ ಸ್ವಲ್ಪ ಮೊದಲು ನಡೆದ ಮಗಳ ಮದುವೆಯ ಆಲ್ಬಮ್ ನೋಡಿ, "ಈ ಸೀರೆ ನಾನು ಯಾವಾಗ ಉಟ್ಟದ್ದು?" ಅಂತ ಕೇಳಿದರು. ನನ್ನ ಪ್ರಬಂಧ ಹುಟ್ಟಿದ್ದು ಆ ಪ್ರಶ್ನೆಯಿಂದ.

ನಮ್ಮಲ್ಲಿ ಇದಕ್ಕೆ 'ಕರೆಂಟ್ ಕೊಡುವುದು' ಅಂತಾರೆ. ಸಿನಿಮಾಗಳು ಇದನ್ನು ಶಿಕ್ಷೆಯಂತೆ ತೋರಿಸಿವೆ. 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಶುರುಮಾಡಿದಾಗ ಅರಿವಳಿಕೆ ಇರಲಿಲ್ಲ. ಇಂದು ಅರಿವಳಿಕೆ, ಸ್ನಾಯು ಸಡಿಲಿಸುವ ಮದ್ದು ಎರಡೂ ಇಲ್ಲದೆ ಕೊಡುವುದನ್ನು ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಹಾಗಾಗಿ ಈಗ ಉಳಿದಿರುವ ಮುಖ್ಯ ಪ್ರಶ್ನೆ ನೆನಪಿನದ್ದು.

ಗುಣಪಡಿಸುವುದು ಮೆದುಳಿನಲ್ಲಿ ಉಂಟಾಗುವ ನಿಯಂತ್ರಿತ ಸೆಳವು. ನೆನಪಿಗೆ ಪೆಟ್ಟು ಎಷ್ಟು ಅನ್ನೋದು ಬಹಳಷ್ಟು ಮಟ್ಟಿಗೆ ವಿದ್ಯುತ್ ಕೊಡುವ ರೀತಿಯ ಮೇಲೆ ನಿಂತಿದೆ. ಒಂದು, ಜಾಗ: ತಲೆಯ ಎರಡೂ ಬದಿಗಳ ಬದಲು ತಲೆಯ ಬಲಭಾಗಕ್ಕೆ ಮಾತ್ರ ಕೊಟ್ಟರೆ ನೆನಪಿನ ನಷ್ಟ ಕಡಿಮೆ, ಯಾಕಂದ್ರೆ ಹೆಚ್ಚಿನವರಲ್ಲಿ ಭಾಷೆಯ ಕೇಂದ್ರ ಎಡಭಾಗದಲ್ಲಿ ಉಂಟು. ಎರಡು, ಮಿಡಿತದ ಅವಧಿ: 1 ಮಿಲಿಸೆಕೆಂಡಿನ ಬದಲು ಸುಮಾರು 0.3 ಮಿಲಿಸೆಕೆಂಡಿನ ಕಿರುಮಿಡಿತ. ಮೂರು, ಪ್ರಮಾಣ: ಎಲ್ಲರಿಗೂ ಒಂದೇ ಅಳತೆ ಅಲ್ಲ, ಆ ರೋಗಿಯಲ್ಲಿ ಸೆಳವು ಬರಿಸಲು ಕನಿಷ್ಠ ಎಷ್ಟು ಬೇಕು ಅಂತ ಮೊದಲು ಕಂಡುಕೊಂಡು, ಅದರ ಲೆಕ್ಕದಲ್ಲಿ ಕೊಡುವುದು. ನಾಲ್ಕು, ವಾರಕ್ಕೆ ಮೂರರ ಬದಲು ಎರಡು ಸಲ.

ಇದೆಲ್ಲ ಪುಕ್ಕಟೆಯಾಗಿ ಸಿಗುವುದಿಲ್ಲ. ಕಿರುಮಿಡಿತಕ್ಕೆ ಹೆಚ್ಚು ಸರದಿ ಬೇಕಾಗಬಹುದು. ವಾರಕ್ಕೆ ಎರಡಾದರೆ ಗುಣ ನಿಧಾನ. ಆತ್ಮಹತ್ಯೆಯ ಅಪಾಯ ಇದ್ದಾಗ ವೈದ್ಯರು ವೇಗವನ್ನೇ ಆರಿಸಿಕೊಳ್ಳಬಹುದು.

ನಷ್ಟವನ್ನು ಅಳೆಯುವುದು ಹೇಗೆ? ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಇ.ಸಿ.ಟಿ. ರೋಗಿಗಳಿಗಾಗಿಯೇ ಒಂದು ಪರೀಕ್ಷಾಗುಚ್ಛ ರೂಪಿಸಿ 2013ರಲ್ಲಿ ಪ್ರಕಟಿಸಿದರು. ಪದಪಟ್ಟಿ ನೆನಪಿಡುವಂಥ ಪರೀಕ್ಷೆಗಳಲ್ಲಿ ಹೆಚ್ಚಿನವರು ಕೆಲವೇ ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಬರ್ತಾರೆ ಅಂತ ಅಧ್ಯಯನಗಳು ಹೇಳ್ತವೆ. ಆದರೆ ಸೀರೆಯ ನೆನಪು ಪದಪಟ್ಟಿಯಲ್ಲಿ ಇರುವುದಿಲ್ಲ. ಅದು ಆತ್ಮಕಥನದ ನೆನಪು. ಚಿಕಿತ್ಸೆಯ ಹಿಂದುಮುಂದಿನ ತಿಂಗಳುಗಳಲ್ಲಿ ಕೆಲವರಿಗೆ ಅಂಥ ಖಾಲಿಜಾಗ ಕಾಯಂ ಆಗಿಯೇ ಉಳಿಯಬಹುದು.

ಹಾಗಾಗಿ ನನ್ನ ವಾದ ಇಷ್ಟು: ಚಿಕಿತ್ಸೆಗೆ ಮೊದಲೇ ರೋಗಿಯ ಬದುಕಿನ ಕಥೆಯನ್ನು ಅವರದೇ ಭಾಷೆಯಲ್ಲಿ ಕೇಳಿ ಬರೆದಿಡಬೇಕು. ನಮ್ಮ ಕಡೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಯಾವ ಭಾಷೆಯಲ್ಲಿ ಕೇಳಿದ್ದೇವೆ ಅನ್ನೋದರ ಮೇಲೆ ಏನು ನೆನಪಾಗುತ್ತದೆ ಅನ್ನೋದೂ ಬದಲಾಗಬಹುದು. ಒಪ್ಪಿಗೆ ಪತ್ರವೂ ಅಷ್ಟೇ: "ಮರೆವು ಬರಬಹುದು" ಅಂದರೆ ಸಾಲದು, ಯಾವ ಮರೆವು ಅಂತ ಹೇಳಬೇಕು.

ದೊಡ್ಡಮ್ಮ ಈಗ ಅಡಿಕೆ ಸುಲೀತಾ ಮದುವೆಯ ಕಥೆಯನ್ನು ನಮ್ಮಿಂದಲೇ ಕೇಳ್ತಾರೆ. ಬದುಕಿ ಉಳಿದದ್ದೇ ದೊಡ್ಡದು ಅಂತ ಅವರೇ ಹೇಳ್ತಾರೆ. ಆದರೂ ಆ ದಿನ ಎರಡೂ ಮಾತನ್ನು ಅವರಿಗೆ ಹೇಳಬೇಕಿತ್ತು.