ಉಕ್ಕಿನ ಒಡಲೊಳಗೆ ಕಾರ್ಬೈಡ್ ಚಿತ್ತಾರ

ಕಬ್ಬಿಣಕ್ಕೆ ಚೂರು ಇಂಗಾಲ ಬೆರೆತರೆ ಉಕ್ಕು. ಅದು ಬಾಗುತ್ತದೋ, ಸಿಡಿಯುತ್ತದೋ, ಕೂದಲು ಸೀಳುವಷ್ಟು ಹರಿತವಾಗುತ್ತದೋ ಎಂಬುದನ್ನು ನಿರ್ಧರಿಸುವುದು ಒಳಗೆ ಅಡಗಿದ ಕಾರ್ಬೈಡ್.

ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಹಿಂದೆ ಉಕ್ಕು ತಯಾರಿಸುತ್ತಿದ್ದ ಮಣ್ಣಿನ ಮೂಸೆಗಳ ಅವಶೇಷಗಳು ಸಿಕ್ಕಿವೆ. ಮೈಸೂರು ಸೀಮೆಯ ಕುಲುಮೆಗಳಲ್ಲಿ ಮೆದು ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಟ್ಟಿಗೆ, ಒಂದಿಷ್ಟು ಎಲೆ ತುಂಬಿ, ಮೂಸೆಯ ಬಾಯಿಗೆ ಮಣ್ಣು ಮೆತ್ತಿ ತಿದಿ ಒತ್ತುತ್ತಿದ್ದರು. ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಇಳಿದು, ಸುಮಾರು ಶೇ 1.5ರಷ್ಟು ಇಂಗಾಲವಿರುವ ಉಂಡೆ ತಯಾರಾಗುತ್ತಿತ್ತು. ಜಗತ್ತು ವೂಟ್ಜ್ ಎಂದು ಕರೆದದ್ದು ಇದನ್ನೇ. ಪಶ್ಚಿಮ ಏಷ್ಯಾದ ಡಮಾಸ್ಕಸ್ ಖಡ್ಗಗಳ ಮೂಲದ್ರವ್ಯವೂ ಇದೇ.

1794ರಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ ಇದರ ಮಾದರಿಗಳನ್ನು ಲಂಡನ್ನಿಗೆ ಕಳಿಸಿದರು. ಆದರೆ ಯುರೋಪಿನ ಕಮ್ಮಾರರು ತಮ್ಮ ರೂಢಿಯಂತೆ ಬೆಳ್ಳಗೆ ಕಾಯಿಸಿ ಬಡಿದರೆ ವೂಟ್ಜ್ ಪುಡಿಪುಡಿಯಾಗುತ್ತಿತ್ತು.

ಪದರವೋ, ಬಲೆಯೋ

ಮೂರು ಕಬ್ಬಿಣದ ಪರಮಾಣುಗಳಿಗೆ ಒಂದು ಇಂಗಾಲ ಕೂಡಿದರೆ ಕಬ್ಬಿಣದ ಕಾರ್ಬೈಡ್, ಅಂದರೆ ಸಿಮೆಂಟೈಟ್. ತೂಕದಲ್ಲಿ ಶೇ 6.67ರಷ್ಟು ಇಂಗಾಲವಿರುವ ಇದು ಬಲು ಗಡಸು, ಅಷ್ಟೇ ಪೆಡಸು. ಫೆರೈಟ್ ಎಂಬ ಮೆದು ಕಬ್ಬಿಣ 727 ಡಿಗ್ರಿ ಸೆಲ್ಸಿಯಸ್‌ನಲ್ಲೂ ಶೇ 0.02ರಷ್ಟು ಇಂಗಾಲವನ್ನಷ್ಟೇ ಅರಗಿಸಿಕೊಳ್ಳಬಲ್ಲದು. ಉಕ್ಕು ನಿಧಾನವಾಗಿ ಆರಿದಾಗ ಮಿಕ್ಕ ಇಂಗಾಲವೆಲ್ಲ ಕಾರ್ಬೈಡ್ ಆಗುತ್ತದೆ.

ಇಂಗಾಲ ಶೇ 0.77ರ ಆಸುಪಾಸಿನಲ್ಲಿದ್ದರೆ ಫೆರೈಟ್ ಮತ್ತು ಕಾರ್ಬೈಡ್ ಚಿರೋಟಿಯ ಎಸಳಿನಂತೆ ಒಂದರ ಮೇಲೊಂದು ಕೂರುತ್ತವೆ. ಇದು ಪರ್ಲೈಟ್. ರೈಲು ಹಳಿ ಚಕ್ರದ ಉಜ್ಜಾಟಕ್ಕೆ ಬೇಗ ಸವೆಯದಿರುವುದು ಈ ಪದರಗಳಿಂದ. ಪದರ ತೆಳುವಾದಷ್ಟೂ ಹಳಿ ಗಟ್ಟಿ.

ಇಂಗಾಲ ಇನ್ನೂ ಹೆಚ್ಚಿದರೆ ಉಳಿದ ಕಾರ್ಬೈಡ್ ಹರಳುಗಳ ಅಂಚಿನಲ್ಲಿ ಬಲೆಯಂತೆ ಹಬ್ಬುತ್ತದೆ. ಬಿರುಕು ಓಡಲು ಅದೇ ಸಲೀಸು ದಾರಿ. ವೂಟ್ಜ್ ಉಂಡೆಯ ಪೆಡಸುತನಕ್ಕೆ ಇದು ಕಾರಣ. ಜೊತೆಗೆ ಇಂಗಾಲ ಹೆಚ್ಚಿರುವ ಉಕ್ಕು ಕಡಿಮೆ ಶಾಖಕ್ಕೇ ಕರಗತೊಡಗುತ್ತದೆ. ಬಿಳಿ ಕಾವು ಅದಕ್ಕೆ ಅತಿಯಾಯಿತು.

ಕೆಂಪು ಕಾವಿನ ಜಾಣ್ಮೆ

ಪೂರ್ವದೇಶಗಳ ಕಮ್ಮಾರರು ಕೆಂಪು ಕಾವು ಮೀರದಂತೆ ಮತ್ತೆಮತ್ತೆ ಕಾಯಿಸಿ ಬಡಿದರು. ಬಲೆ ಹರಿದು ಕಾರ್ಬೈಡ್ ಸಣ್ಣ ಉರುಟು ಕಾಳುಗಳಾಗಿ ಸಾಲುಗಟ್ಟಿತು. ಅಮೆರಿಕದ ಲೋಹವಿಜ್ಞಾನಿ ಜಾನ್ ವೆರ್‌ಹೋವೆನ್, ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಜೊತೆಗೂಡಿ 1990ರ ದಶಕದಲ್ಲಿ ಇಂಥ ಅಲಗುಗಳನ್ನು ಹೊಸದಾಗಿ ತಯಾರಿಸಿ ತೋರಿಸಿದರು. ಅದಿರಿನಿಂದ ಬಂದ ವನಾಡಿಯಂನಂಥ ಧಾತುಗಳ ಲವಲೇಶವೇ ಕಾರ್ಬೈಡನ್ನು ಸಾಲಾಗಿ ಕೂರಿಸುತ್ತದೆ ಎಂದು ಅವರು ಕಂಡುಕೊಂಡರು. ಸಾಲುಗಳ ನಡುವಿನ ಅಂತರ 30ರಿಂದ 70 ಮೈಕ್ರಾನ್. ಅಲಗಿಗೆ ಆಮ್ಲ ಸವರಿದರೆ ಸುತ್ತಲಿನ ಉಕ್ಕು ಕಪ್ಪಾಗಿ, ಕಾರ್ಬೈಡ್ ಸಾಲುಗಳು ಬೆಳ್ಳಗೆ ಅಲೆಯಲೆಯಾಗಿ ಎದ್ದು ಕಾಣುತ್ತವೆ.

ಇಂದಿನ ಬೇರಿಂಗ್ ಉಕ್ಕಿನಲ್ಲೂ ಇದೇ ಲೆಕ್ಕ. ಶೇ 1ರಷ್ಟು ಇಂಗಾಲವಿರುವ ಅದನ್ನು ಲೇತ್‌ನಲ್ಲಿ ಕಡೆಯುವ ಮೊದಲು ಹದವಾಗಿ ಕಾಯಿಸಿ ಕಾರ್ಬೈಡನ್ನು ಉರುಟಾಗಿಸುತ್ತಾರೆ; ಇಲ್ಲವಾದರೆ ಟೂಲ್ ಬೇಗ ಮೊಂಡಾಗುತ್ತದೆ. ಹಾಗಾಗಿ ಉಕ್ಕಿನ ಗುಣ ಅಳೆಯುವವರು ಇಂಗಾಲ ಎಷ್ಟಿದೆ ಎಂದು ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂತೆ. ಅದು ಯಾವ ರೂಪದಲ್ಲಿ, ಎಲ್ಲಿ ಕೂತಿದೆ ಎಂಬುದು ಉಳಿದರ್ಧ.