ಒಂದಗುಳು ನೋಡಿದರೆ ಸಾಲದು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡಿದರೆ ಸಾಕು. ಒಂದೇ ಪಾತ್ರೆ, ಒಂದೇ ಉರಿ, ಒಂದೇ ಅಕ್ಕಿ. ಆದರೆ ಔಷಧಿಯ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಹಗರಿಬೊಮ್ಮನಹಳ್ಳಿಯ ಸಂತೆಯಲ್ಲೋ ಕೊಟ್ಟೂರಿನ ಬಸ್ಸಿನಲ್ಲೋ “ನಮ್ಮಕ್ಕನ ಮಗಳಿಗೆ ಈ ಗುಳಿಗಿಯಿಂದ ಗುಣ ಆತ್ರೀ, ನೀವೂ ತಗೊಳ್ರಿ” ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರು ನೋಡಿದ್ದು ಒಂದಗುಳು ಮಾತ್ರ. ಗುಳಿಗೆ ನುಂಗದಿದ್ದರೂ ಆ ಹುಡುಗಿ ಗುಣವಾಗುತ್ತಿದ್ದಳೇನೋ, ಯಾರು ಬಲ್ಲರು?

ಡಾಕ್ಟರುಗಳಿಗೂ ಈ ತೊಡಕು ತಪ್ಪಿದ್ದಲ್ಲ. ಒಂದೇ ಔಷಧಿಯನ್ನು ಹತ್ತು ಊರಿನಲ್ಲಿ ಹತ್ತು ತಂಡಗಳು ಪರೀಕ್ಷಿಸುತ್ತವೆ. ಒಬ್ಬರು ಗುಣವಿದೆ ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ. ಯಾವುದನ್ನು ನಂಬಬೇಕು? ಎಲ್ಲವನ್ನೂ ಕ್ರಮವಾಗಿ ಹುಡುಕಿ, ಆರಿಸಿ, ತೂಗಿ ನೋಡುವ ಕೆಲಸಕ್ಕೆ ಸಿಸ್ಟಮ್ಯಾಟಿಕ್ ರಿವ್ಯೂ, ಅಂದರೆ ಕ್ರಮಬದ್ಧ ಪರಾಮರ್ಶೆ ಎನ್ನುತ್ತಾರೆ. ಆ ಪರೀಕ್ಷೆಗಳ ಅಂಕಿಗಳನ್ನು ಕೂಡಿಸಿ ಒಂದು ಉತ್ತರ ತೆಗೆಯುವ ಲೆಕ್ಕವೇ ಮೆಟಾ ಅನಾಲಿಸಿಸ್. ಹೆಸರು ಕೇಳಿ ಹೆದರಬೇಡಿ. ಕಣದಲ್ಲಿ ರಾಶಿ ಮಾಡುವುದನ್ನು ಕಂಡವರಿಗೆ ಇದು ತೀರಾ ಹೊಸದಲ್ಲ.

ಕುರಿಮರಿಯಿಂದ ಶುರುವಾದದ್ದು

ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಲಿಗಿನ್ಸ್ ಎಂಬ ವೈದ್ಯರು ಕುರಿಗಳ ಮೇಲೆ ಸಂಶೋಧನೆ ನಡೆಸಿದ್ದರು. ದಿನ ತುಂಬುವ ಮೊದಲೇ ಹುಟ್ಟಿದರೂ, ಸ್ಟೀರಾಯ್ಡ್ ಔಷಧಿ ಸೇರಿದ್ದ ಮರಿಗಳು ಉಸಿರಾಡಿದವು! ಅವರೂ ಹೋವಿ ಎಂಬ ವೈದ್ಯರೂ ಸೇರಿ, ದಿನ ತುಂಬದೆ ಹೆರುವ ಲಕ್ಷಣವಿದ್ದ ತಾಯಂದಿರಿಗೆ ಅಂಥ ಸೂಜಿ ಕೊಟ್ಟು ಪರೀಕ್ಷಿಸಿ, 1972ರಲ್ಲಿ ಫಲ ಪ್ರಕಟಿಸಿದರು. ಕೂಸಿನ ಶ್ವಾಸಕೋಶ ಬೇಗ ಬಲಿಯುವುದರಿಂದ ಕೂಸು ಬದುಕುವ ಸಾಧ್ಯತೆ ಹೆಚ್ಚುತ್ತಿತ್ತು.

ಆಮೇಲೆ ಬೇರೆ ಕಡೆಯೂ ಪರೀಕ್ಷೆಗಳಾದವು. ಬಹಳಷ್ಟು ಸಣ್ಣವು, ಒಂದೊಂದನ್ನೇ ನೋಡಿದರೆ ಫಲ ಅನುಮಾನ. ಎಲ್ಲವನ್ನೂ ಒಟ್ಟಿಗೆ ತೂಗಿದ ಪರಾಮರ್ಶೆ ಬಂದದ್ದು 1989ರಲ್ಲಿ. ಆಗ ಸ್ಪಷ್ಟವಾಯಿತು: ಈ ಸೂಜಿ ಅಂಥ ಕೂಸುಗಳ ಸಾವಿನ ಸಂಭವವನ್ನು ಶೇಕಡ 30ರಿಂದ 50ರಷ್ಟು ತಗ್ಗಿಸುತ್ತದೆ. ಲೆಕ್ಕ ಮೊದಲೇ ಕೂಡಿಸಿದ್ದರೆ? ನಡುವಿನ ವರ್ಷಗಳಲ್ಲಿ ಹತ್ತಾರು ಸಾವಿರ ಕೂಸುಗಳು ಸುಮ್ಮಸುಮ್ಮನೆ ನರಳಿ ಸತ್ತಿರಬಹುದು ಎಂದು ಅಂದಾಜು. ಆರ್ಚಿ ಕಾಕ್ರೇನ್ ಎಂಬ ಬ್ರಿಟಿಷ್ ವೈದ್ಯರ ಹೆಸರಿನಲ್ಲಿ 1993ರಲ್ಲಿ ಹುಟ್ಟಿದ ಕಾಕ್ರೇನ್ ಸಂಸ್ಥೆ ಈ ಪರೀಕ್ಷೆಗಳ ಗೆರೆಚಿತ್ರವನ್ನೇ ತನ್ನ ಲಾಂಛನ ಮಾಡಿಕೊಂಡಿದೆ. ಇಂಥ ಪರಾಮರ್ಶೆಗಳನ್ನು ಸಿದ್ಧಪಡಿಸುವುದೇ ಅದರ ಕೆಲಸ.

ರಾಶಿ ಮಾಡುವ ಕ್ರಮ

ಈ ವಿದ್ಯೆ ಕಲಿಯುವವರಿಗೆ ಮೊದಲ ಪಾಠ, ಪ್ರಶ್ನೆಯನ್ನು ಸರಿಯಾಗಿ ಕೇಳುವುದು. ಯಾರಿಗೆ ಕೊಟ್ಟರು, ಏನು ಕೊಟ್ಟರು, ಯಾವುದರ ಜೊತೆ ಹೋಲಿಸಿದರು, ಕೊನೆಗೆ ಏನಾಯಿತು — ಈ ನಾಲ್ಕೂ ಇರಬೇಕು.

ಎರಡನೆಯದು, ಏನು ಮಾಡುತ್ತೇವೆಂದು ಮೊದಲೇ ಬರೆದಿಡುವುದು. ಇಲ್ಲದಿದ್ದರೆ ಬೇಕಾದ ಉತ್ತರ ಬರುವಂತೆ ಲೆಕ್ಕ ತಿರುಚುವ ಆಸೆ ಹುಟ್ಟೀತು. ಇಂಥ ಯೋಜನೆಗಳನ್ನು ದಾಖಲಿಸಲು 2011ರಲ್ಲಿ ಪ್ರಾಸ್ಪೆರೊ ಎಂಬ ಅಂತರರಾಷ್ಟ್ರೀಯ ಪಟ್ಟಿ ಶುರುವಾಯಿತು.

ಮೂರನೆಯದು ಹುಡುಕಾಟ. ಚೆನ್ನಾಗಿ ಬಂದ ಫಲ ಬೇಗ ಅಚ್ಚಾಗುತ್ತದೆ. ಬಾರದ್ದು ಮೂಲೆ ಸೇರುತ್ತದೆ. ಅದನ್ನೂ ಹುಡುಕಬೇಕು. ನಮ್ಮ ದೇಶದಲ್ಲಿ ನಡೆಯುವ ಪರೀಕ್ಷೆಗಳನ್ನು ನೋಂದಾಯಿಸಲು 2007ರಲ್ಲಿ ರಾಷ್ಟ್ರೀಯ ದಾಖಲೆಪಟ್ಟಿ ಆರಂಭವಾದದ್ದು ಇದಕ್ಕೆ ದೊಡ್ಡ ಅನುಕೂಲ.

ನಾಲ್ಕನೆಯದು ತೂರುವುದು, ಜೊಳ್ಳು ಕಾಳು ಬೇರೆ ಮಾಡುವುದು. ಇದನ್ನು ಇಬ್ಬರು ಬೇರೆಬೇರೆಯಾಗಿ ಕೂತು ಮಾಡಿ, ಆಮೇಲೆ ತಾಳೆ ನೋಡುತ್ತಾರೆ. ಔಷಧಿ ಯಾರಿಗೆ ಸಿಗಬೇಕೆಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರೇ? ನಡುವೆ ಬಿಟ್ಟುಹೋದವರ ಲೆಕ್ಕ ಕೊಟ್ಟಿದ್ದಾರೆಯೇ?

ಕೊನೆಗೆ ಅಳೆಯುವುದು. 40 ಜನರ ಪರೀಕ್ಷೆಗೂ 4000 ಜನರ ಪರೀಕ್ಷೆಗೂ ಒಂದೇ ತೂಕವಿಲ್ಲ. ಹೆಚ್ಚು ನಿಖರವಾದದ್ದಕ್ಕೆ ಹೆಚ್ಚು ತೂಕ. ಹಾಗಂತ ಜೋಳಕ್ಕೆ ಸಜ್ಜೆ ಬೆರೆಸಿ ಒಂದೇ ರಾಶಿ ಎನ್ನಬಾರದು. ಪರೀಕ್ಷೆಗಳು ತೀರಾ ಬೇರೆಬೇರೆಯಾಗಿದ್ದರೆ ಕೂಡಿಸದಿರುವುದೇ ಜಾಣತನ.

ಬೆಳಗಾವಿ ಕಲಿಸಿದ ಪಾಠ

ಒಮ್ಮೆ ಅಳೆದರೆ ಮುಗಿಯಿತೇ? ಇಲ್ಲ. ಅದಕ್ಕೆ ನಮ್ಮ ಕರ್ನಾಟಕವೇ ಸಾಕ್ಷಿ. ಮೊದಲ ಪರೀಕ್ಷೆಗಳಲ್ಲಿ ಹೆಚ್ಚಿನವು ಅನುಕೂಲವಿದ್ದ ದೇಶಗಳ ಆಸ್ಪತ್ರೆಗಳಲ್ಲಿ ನಡೆದವು. ಹಳ್ಳಿಯಲ್ಲೂ ಅದೇ ಫಲ ಸಿಗುತ್ತದೆಯೇ ಎಂದು ಆರು ದೇಶಗಳಲ್ಲಿ ಪರೀಕ್ಷೆಯಾಯಿತು. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರದ ಸೀಮೆ ಅದರಲ್ಲಿ ಸೇರಿದ್ದವು. ಫಲ ಬಂದದ್ದು 2015ರಲ್ಲಿ. ಎಲ್ಲರೂ ದಂಗಾದರು! ಸೂಜಿಯ ಬಳಕೆ ಹೆಚ್ಚಿಸಿದ ಕಡೆ ಸಾವಿರ ಕೂಸುಗಳಿಗೆ 27.4 ಸತ್ತರೆ, ಹೆಚ್ಚಿಸದ ಕಡೆ 23.9. ತಾಯಂದಿರಲ್ಲಿ ನಂಜಿನ ಶಂಕೆಯೂ ಹೆಚ್ಚು ಕಂಡಿತು. ಎಷ್ಟನೇ ವಾರ ಎಂಬ ಖಚಿತ ಲೆಕ್ಕವೇ ಅನೇಕರಿಗೆ ಇರಲಿಲ್ಲ. ಸೂಜಿ ಹಾಕಿಸಿಕೊಂಡ ಬಹಳ ಮಂದಿಗೆ ದಿನ ತುಂಬಿಯೇ ಹೆರಿಗೆಯಾಗಿತ್ತು. ಅಂದರೆ, ಬೇಡದವರಿಗೂ ಔಷಧಿ ಹೋಗಿತ್ತು.

ಹಾಗಾದರೆ ಸೂಜಿಯನ್ನೇ ಬಿಡಬೇಕೇ? ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ 29 ಆಸ್ಪತ್ರೆಗಳಲ್ಲಿ ಮತ್ತೆ ಪರೀಕ್ಷೆ ನಡೆಸಿತು. ಬೆಳಗಾವಿ ಇದರಲ್ಲೂ ಇತ್ತು. ಈ ಸಲ ಸ್ಕ್ಯಾನ್ ಮಾಡಿ ವಾರ ಖಚಿತಪಡಿಸಿಕೊಂಡು, 26ನೇ ವಾರದಿಂದ 34 ತುಂಬುವ ಮೊದಲಿನ 2852 ತಾಯಂದಿರನ್ನು ಸೇರಿಸಿಕೊಂಡರು. 2020ರಲ್ಲಿ ಫಲ ಬಂತು: ಔಷಧಿ ಪಡೆದವರ ಕೂಸುಗಳಲ್ಲಿ ನೂರಕ್ಕೆ 19.6 ಸಾವು, ಪಡೆಯದವರಲ್ಲಿ 23.5. ಎಂದರೆ 25 ತಾಯಂದಿರಿಗೆ ಕೊಟ್ಟರೆ ಒಂದು ಕೂಸು ಹೆಚ್ಚಾಗಿ ಉಳಿಯಿತು. ಅದೇ ವರ್ಷದ ಕಾಕ್ರೇನ್ ಪರಾಮರ್ಶೆ 27 ಪರೀಕ್ಷೆಗಳ 11,272 ತಾಯಂದಿರ ಲೆಕ್ಕ ಕೂಡಿಸಿತು. ನವಜಾತ ಕೂಸುಗಳ ಸಾವು ಶೇಕಡ 22ರಷ್ಟು ಕಡಿಮೆ ಎಂದು ಕಂಡುಬಂತು.

ಔಷಧಿ ಅದೇ, ಫಲ ಬೇರೆ. ಯಾರಿಗೆ, ಯಾವಾಗ, ಎಲ್ಲಿ ಎಂಬ ಪ್ರಶ್ನೆಗೆ ಎಷ್ಟು ಬೆಲೆ ಇದೆ ನೋಡಿ!

ನಮಗೇನು ಉಪಯೋಗ?

ನಿಮ್ಮ ಮಗಳೋ ಸೊಸೆಯೋ ನರ್ಸಿಂಗ್, ಫಾರ್ಮಸಿ ಓದುತ್ತಿದ್ದರೆ ಈ ವಿದ್ಯೆ ಕಲಿಯಲು ಹುರಿದುಂಬಿಸಿ. ಗಣಿತಕ್ಕಿಂತ ತಾಳ್ಮೆ ಹೆಚ್ಚು ಬೇಕು. ಅಕ್ಕಿ ಆರಿಸಿ ಪಳಗಿದ ಕೈಗೆ ಅದಕ್ಕೇನು ಬರ? ವೈದ್ಯರಲ್ಲದವರೂ ಪರೀಕ್ಷೆಗಳ ವರದಿ ಗುರುತಿಸಿ ಬೇರ್ಪಡಿಸಲು ಕೈಜೋಡಿಸುವ ಏರ್ಪಾಡನ್ನು ಕಾಕ್ರೇನ್ ಸಂಸ್ಥೆ 2016ರಲ್ಲಿ ಶುರುಮಾಡಿತು. ಇಂಗ್ಲಿಷ್ ಓದಲು ಬಂದರಾಯಿತು.

ಮನೆಯಲ್ಲಿ ಯಾರಾದರೂ ಹೊಸ ಔಷಧಿ ಹೊಗಳಿದರೆ ಮೂರು ಮಾತು ಕೇಳಿ: ಎಷ್ಟು ಜನರಲ್ಲಿ ನೋಡಿದ್ದು? ತೆಗೆದುಕೊಳ್ಳದವರಿಗೆ ಏನಾಯಿತು? ನಮ್ಮಂಥವರಲ್ಲಿ ನೋಡಿದ್ದಾರೆಯೇ?

ಇನ್ನು ಬಸುರಿಯರಿರುವ ಮನೆಯವರಿಗೆ ಒಂದು ಕಿವಿಮಾತು. ಕೊನೆಯ ಬಾರಿ ಮುಟ್ಟಾದ ಮೊದಲ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ನಾಚಿಕೆ ಬೇಡ. 24 ವಾರದೊಳಗೆ ಒಮ್ಮೆ ಸ್ಕ್ಯಾನ್ ಮಾಡಿಸಿ. ದಿನ ತುಂಬುವ ಮೊದಲೇ ನೋವು ಬಂದರೆ, ನೀರು ಹೋದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸೂಜಿ ಬೇಕೇ ಬೇಡವೇ ಎಂದು ಡಾಕ್ಟರು ನಿರ್ಧರಿಸಲಿ. ಆ ನಿರ್ಧಾರ ಸರಿಯಾಗಲು ನೀವು ಬರೆದಿಟ್ಟ ಆ ಒಂದು ತಾರೀಖು ಬಹಳ ನೆರವಾದೀತು.